ಹಳೆಯ ಗಾಳದ ರೀಲುಗಳ ಸಂಗ್ರಹ: ಆರಿಸುವುದು, ಪರೀಕ್ಷಿಸುವುದು, ಬಿಚ್ಚುವುದು, ಕಾಪಾಡುವುದು

ಗಾಳ ಹಾಕಿ ಒಂದು ಮೀನನ್ನೂ ಹಿಡಿಯದವರು ಹಳೆಯ ರೀಲುಗಳ ಬೆನ್ನು ಹತ್ತಿರುವುದು ಅಪರೂಪವೇನಲ್ಲ. ಗಾಳದ ದಾರ ಸುತ್ತಿಡುವ, ಅಂಗೈಯಲ್ಲಿ ಹಿಡಿಸುವ ಯಂತ್ರ ಅದು. ಒಳಗೆ ಗೇರು, ಸ್ಪ್ರಿಂಗು, ಬ್ರೇಕು, ಬೇರಿಂಗು ಎಲ್ಲವೂ ಇರುತ್ತವೆ. ಊಟದ ಮೇಜಿನ ಮೇಲೆ ಬಿಚ್ಚಿ ಮತ್ತೆ ಜೋಡಿಸಬಹುದು, ಇಡಲು ಒಂದು ಕಪಾಟು ಸಾಕು. ಆದರೆ ಹೊಸಬರು ಮೊದಲ ವರ್ಷ ದುಡ್ಡು ಕಳೆದುಕೊಳ್ಳುವುದು ಒಂದೇ ತಪ್ಪು ಲೆಕ್ಕದಿಂದ: ಹಳೆಯದಾದಷ್ಟೂ ಬೆಲೆ ಜಾಸ್ತಿ ಎಂಬ ನಂಬಿಕೆಯಿಂದ. ಹೆಸರಿಲ್ಲದ ವಿಕ್ಟೋರಿಯಾ ಕಾಲದ ಹಿತ್ತಾಳೆ ರೀಲುಗಳು ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ, ಅಗ್ಗವಾಗಿಯೇ ಸಿಗುತ್ತವೆ. ಅದೇ 1950ರ ದಶಕದ ಒಂದು ಸ್ವೀಡನ್ ರೀಲು ತನ್ನ ಚರ್ಮದ ಪೆಟ್ಟಿಗೆ, ಸ್ಪ್ಯಾನರು, ಎಣ್ಣೆ ಬಾಟಲಿ, ಮೂಲ ಹಿಡಿಯ ಸಮೇತ ಸಿಕ್ಕರೆ ಅದರ ಮುಂದೆ ಇವು ನಿಲ್ಲುವುದಿಲ್ಲ. ನೋಡಬೇಕಾದದ್ದು ಎರಡೇ ಸಂಗತಿ: ಕಾರ್ಖಾನೆಯಿಂದ ಹೊರಟ ಭಾಗಗಳೇ ಇನ್ನೂ ಇವೆಯೇ, ಅವು ಎಷ್ಟು ಸವೆದಿವೆ. ವಯಸ್ಸಿನ ಲೆಕ್ಕ ಆಮೇಲೆ.

ಮೊದಲು ಒಂದು ಸಾಲು ಹಿಡಿಯಿರಿ

ಕಂಡದ್ದೆಲ್ಲ ಕೊಂಡರೆ ಅದು ಗುಜರಿ ಆಗುತ್ತದೆ. ಯಾವುದಾದರೂ ಒಂದು ಕಂಪನಿ, ಒಂದು ಬಗೆ ಅಥವಾ ಒಂದು ನದಿಗೆ ಸಂಬಂಧಿಸಿದ ರೀಲುಗಳು ಎಂದು ಗೆರೆ ಹಾಕಿಕೊಳ್ಳಿ. ಬಗೆಗಳು ಮುಖ್ಯವಾಗಿ ಮೂರು.

ಸೆಂಟರ್‌ಪಿನ್ ಮತ್ತು ಫ್ಲೈ ರೀಲುಗಳಲ್ಲಿ ಸ್ಪೂಲು, ಅಂದರೆ ದಾರ ಸುತ್ತುವ ಉರುಳೆ, ನೇರವಾಗಿ ಒಂದು ಅಚ್ಚಿನ ಮೇಲೆ ತಿರುಗುತ್ತದೆ, ನಡುವೆ ಗೇರು ಇರುವುದಿಲ್ಲ. ಇಂಗ್ಲೆಂಡಿನ ಆನಿಕ್ ಊರಿನಲ್ಲಿ 1872ರಲ್ಲಿ ಶುರುವಾದ ಹಾರ್ಡಿ ಕಂಪನಿಯ ಪರ್ಫೆಕ್ಟ್, ಯೂನಿಕ್ವಾ, ಸೇಂಟ್ ಜಾರ್ಜ್, ರೆಡಿಚ್‌ನ ಆಲ್‌ಕಾಕ್ ಕಂಪನಿಯ ಏರಿಯಲ್, ನಾಟಿಂಗ್‌ಹ್ಯಾಮ್ ಮಾದರಿಯ ಮರದ ರೀಲುಗಳು ಈ ಗುಂಪಿಗೆ ಸೇರುತ್ತವೆ. ಭಾಗಗಳು ಕಡಿಮೆ, ಕಲಿಯಲು ಸುಲಭ. ಆದರೆ ಒಳ್ಳೆಯ ಹಾರ್ಡಿಗೆ ಬೆಲೆ ಹೆಚ್ಚು, ಕಲಬೆರಕೆಯೂ ಹೆಚ್ಚು.

ಎರಡನೆಯದು ಮಲ್ಟಿಪ್ಲೈಯರ್. ಹಿಡಿ ಒಂದು ಸುತ್ತು ತಿರುಗಿದರೆ ಗೇರಿನ ಬಲದಿಂದ ಸ್ಪೂಲು ಹಲವು ಸುತ್ತು ತಿರುಗುತ್ತದೆ. ಅಮೆರಿಕದ ಕೆಂಟಕಿಯ ಗಡಿಯಾರ ಕುಶಲಕರ್ಮಿಗಳ ಕೈಯಲ್ಲಿ 19ನೇ ಶತಮಾನದಲ್ಲಿ ಬೆಳೆದ ಬಗೆ ಇದು. ಫ್ಲೂಗರ್, ಶೇಕ್ಸ್‌ಪಿಯರ್, ಫಿಲಡೆಲ್ಫಿಯಾದ ಪೆನ್ ಎಲ್ಲ ಇಲ್ಲಿವೆ. ಸ್ವೀಡನ್ನಿನ ಸ್ವೆಂಗ್‌ಸ್ಟಾದ ಆಬು ಕಂಪನಿ 1921ರಲ್ಲಿ ಹುಟ್ಟಿದ್ದು ಗಡಿಯಾರದ ಕೆಲಸಕ್ಕೆ. ಟ್ಯಾಕ್ಸಿ ಮೀಟರು ಮಾಡುತ್ತಿದ್ದ ಕೈಗಳು ಎರಡನೇ ಮಹಾಯುದ್ಧದ ಹೊತ್ತಿಗೆ ರೀಲಿನತ್ತ ತಿರುಗಿದವು. 1952ರಲ್ಲಿ ಅವರು ತಂದ ಕೆಂಪು ಬಣ್ಣದ ಆಂಬಾಸಡರ್ 5000ವನ್ನು ಬಿಚ್ಚಿದವರಿಗೆ ಆ ಗಡಿಯಾರದ ಶಿಸ್ತು ಇಂದಿಗೂ ಕಾಣುತ್ತದೆ.

ಮೂರನೆಯದು ಫಿಕ್ಸೆಡ್ ಸ್ಪೂಲ್, ಈಗ ಎಲ್ಲರೂ ಸ್ಪಿನ್ನಿಂಗ್ ರೀಲು ಎನ್ನುವುದು. ಇದರಲ್ಲಿ ದಾರ ಸುತ್ತುವಾಗ ಸ್ಪೂಲು ತಿರುಗುವುದಿಲ್ಲ. ಇಂಗ್ಲೆಂಡಿನ ಬಟ್ಟೆ ಗಿರಣಿ ಮಾಲೀಕ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಪೇಟೆಂಟ್ ಪಡೆದ ಈ ಯೋಚನೆಯನ್ನು ಮನೆಮನೆಗೆ ಮುಟ್ಟಿಸಿದ್ದು ಫ್ರಾನ್ಸಿನ ಕ್ಲೂಸ್ ಊರಿನ ಕಾರ್ಪಾನೋ ಎ ಪೋನ್ಸ್ ಕಂಪನಿಯ ಮಿಚೆಲ್ ರೀಲುಗಳು. ಮಿಚೆಲ್ 300 ಲಕ್ಷಗಟ್ಟಲೆ ತಯಾರಾದ್ದರಿಂದ ಇಂದಿಗೂ ಅಗ್ಗ, ಬಿಡಿಭಾಗಗಳೂ ಧಾರಾಳ. ಹಿಡಿ ಬಲಗಡೆ ಇದ್ದರೆ ಅದು 301. ಪಾರ್ಶ್ವದ ಮೇಲಿನ ಅಂಕಿಯನ್ನು ಓದದೆ ಕೊಂಡವರಿಗೆ ಇದು ಮನೆಗೆ ಬಂದ ಮೇಲೆ ತಿಳಿಯುತ್ತದೆ.

ಹೊಸಬರಿಗೆ ನಮ್ಮ ಸಲಹೆ ಇಷ್ಟು: ಮೊದಲ ರೀಲು ಮಿಚೆಲ್ 300 ಇರಲಿ, ಎರಡನೆಯದು ಆಬು ಆಂಬಾಸಡರ್ 6000 ಅಥವಾ ಅದರ ತಮ್ಮಂದಿರಲ್ಲಿ ಒಂದು. ಇವೆರಡನ್ನೂ ನಾಲ್ಕಾರು ಸಲ ಬಿಚ್ಚಿ ಜೋಡಿಸಿದ ಮೇಲೆ ಹಾರ್ಡಿಯ ಕಡೆ ನೋಡಿ.

ಕರ್ನಾಟಕದವರಿಗೆ ಇನ್ನೊಂದು ಸಹಜವಾದ ಸಾಲು ಇದೆ, ಕಾವೇರಿಯ ದೊಡ್ಡ ಮೀನಾದ ಮಹಸೀರ್ ಹಿಡಿಯಲು ಬಳಸಿದ ರೀಲುಗಳು. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದದ್ದು ಗಾಳಗಾರರ ಲೋಕದಲ್ಲೆಲ್ಲ ಹೆಸರಾದ ಸಂಗತಿ. ಬ್ರಿಟಿಷರ ಕಾಲದ ಕಾಫಿ ಪ್ಲಾಂಟರುಗಳು ತಂದ ಹಾರ್ಡಿ ಸೈಲೆಕ್ಸ್‌ನಂಥ ರೀಲುಗಳಿಂದ ಹಿಡಿದು, 1970ರ ದಶಕದ ನಂತರ ಕಾವೇರಿ ದಡಕ್ಕೆ ಬಂದ ದೊಡ್ಡ ಆಂಬಾಸಡರ್ 7000, 9000ದವರೆಗೆ ಒಂದು ಪೂರ್ತಿ ಚರಿತ್ರೆಯನ್ನು ಹತ್ತು ಹನ್ನೆರಡು ರೀಲುಗಳಲ್ಲಿ ಜೋಡಿಸಬಹುದು.

ವಯಸ್ಸು ಹೇಳುವ ಗುರುತುಗಳು

ರೀಲನ್ನು ಗಾಳದ ಕೋಲಿಗೆ ಕೂರಿಸುವ ಉದ್ದನೆಯ ಪಟ್ಟಿಗೆ ಪಾದ ಎನ್ನುತ್ತಾರೆ. ಮೊದಲು ಅದನ್ನೇ ತಿರುಗಿಸಿ ನೋಡಿ. ಆಬು ರೀಲುಗಳಲ್ಲಿ 1970ರ ದಶಕದ ಮಧ್ಯದಿಂದ ಪಾದದ ಅಡಿಗೆ 6 ಅಂಕಿಯ ಸಂಖ್ಯೆ ಒತ್ತಿರುತ್ತದೆ. 760501 ಎಂದಿದ್ದರೆ ಮೊದಲ ಎರಡು ಅಂಕಿ ವರ್ಷ, ನಂತರದ ಎರಡು ತಿಂಗಳು, ಕೊನೆಯ ಎರಡು ಆ ಮಾದರಿಯ ಆವೃತ್ತಿ. ಅಂದರೆ 1976ರ ಮೇ, ಮೊದಲ ಆವೃತ್ತಿ. ಬಿಡಿಭಾಗ ತರಿಸುವಾಗ ಈ ಕೊನೆಯ ಎರಡು ಅಂಕಿಯೇ ಮುಖ್ಯ, ಏಕೆಂದರೆ ಒಂದೇ ಹೆಸರಿನ ರೀಲಿನಲ್ಲಿ ಆವೃತ್ತಿ ಬದಲಾದಾಗ ಒಳಗಿನ ಭಾಗಗಳೂ ಬದಲಾಗಿರುತ್ತವೆ. ಪಕ್ಕದ ತಟ್ಟೆಯನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದರೆ ಅದು ಹಳೆಯ ಕಟ್ಟು, ಎರಡೇ ಇದ್ದರೆ ನಂತರದ್ದು. ಹೆಸರಿನ ಕೊನೆಯಲ್ಲಿ ‘ಸಿ’ ಅಕ್ಷರವಿರುವ 5500ಸಿ, 6500ಸಿಯಂಥವುಗಳಲ್ಲಿ ಸ್ಪೂಲಿಗೆ ಬಾಲ್ ಬೇರಿಂಗ್ ಇದೆ. ಅಕ್ಷರವಿಲ್ಲದ ಹಳೆಯವುಗಳಲ್ಲಿ ಬುಶ್, ಅಂದರೆ ಅಚ್ಚು ಒಳಗೆ ತಿರುಗುವ ಲೋಹದ ಬಳೆ, ಇರುತ್ತದೆ.

ಹಾರ್ಡಿಯಲ್ಲಿ ಪಾದ ಹಿತ್ತಾಳೆಯದೋ ಅಲ್ಯುಮಿನಿಯಮ್ಮಿನದೋ, ಅದರ ಮೇಲೆ ಗೆರೆಗೆರೆಯ ಏಣುಗಳಿವೆಯೋ ನುಣುಪಾಗಿದೆಯೋ ಎಂಬುದು ಕಾಲ ಹೇಳುತ್ತದೆ. ಏಣಿನ ಹಿತ್ತಾಳೆ ಪಾದ ಸಾಮಾನ್ಯವಾಗಿ ಎರಡನೇ ಮಹಾಯುದ್ಧಕ್ಕೆ ಹಿಂದಿನದು. ಸ್ಪೂಲು ತೆಗೆದು ಒಳಗೆ ನೋಡಿದರೆ ಜೋಡಿಸಿದ ಕೆಲಸಗಾರನ ಹೆಸರಿನ ಮೊದಲಕ್ಷರಗಳನ್ನು ಪುಟ್ಟದಾಗಿ ಒತ್ತಿರುವುದು ಕಾಣಬಹುದು. ಪಾಲಿಶ್ ಮಾಡಿದವರು ಮೊದಲು ಅಳಿಸುವುದು ಇದನ್ನೇ.

ಅಮೆರಿಕದ ರೀಲುಗಳ ಮೇಲೆ ಪೇಟೆಂಟ್ ದಿನಾಂಕ ಇರುತ್ತದೆ. 1907 ಎಂದಿದ್ದ ಮಾತ್ರಕ್ಕೆ ರೀಲು 1907ರದಲ್ಲ. ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅರ್ಥ. ಅದೇ ಮಾದರಿಯನ್ನು ಇಪ್ಪತ್ತು ವರ್ಷ ಮಾರಿರಬಹುದು. ಮಾರುವವರು ಯಾವಾಗಲೂ ಆ ಮೊದಲ ದಿನಾಂಕವನ್ನೇ ಹಿಡಿದು ಬೆಲೆ ಹೇಳುತ್ತಾರೆ.

ಎಲ್ಲಿ ಹುಡುಕಬೇಕು

ಕೊಡಗು, ಚಿಕ್ಕಮಗಳೂರು, ನೀಲಗಿರಿಯ ಹಳೆಯ ಎಸ್ಟೇಟ್ ಬಂಗಲೆಗಳನ್ನು ಖಾಲಿ ಮಾಡುವಾಗ ಕೋಲು, ರೀಲು, ಕೃತಕ ನೊಣಗಳ ತಗಡಿನ ಡಬ್ಬಿ ಒಟ್ಟಿಗೇ ಹೊರಬರುವುದುಂಟು. ಅಂಥ ಕಡೆ ರೀಲನ್ನು ಮಾತ್ರ ಕೇಳಬೇಡಿ. ಡಬ್ಬಿ, ಚರ್ಮದ ಚೀಲ, ಅಂಗಡಿಯ ರಸೀದಿ, ಬಿಡಿ ಸ್ಪೂಲು ಇದೆಯೇ ಎಂದು ಕೇಳಿ. ಮನೆಯವರು ಕಸವೆಂದು ಎಸೆಯುವ ರಟ್ಟಿನ ಡಬ್ಬಿ ರೀಲಿನ ಬೆಲೆಯ ದೊಡ್ಡ ಪಾಲು. ಬಂಗಾಳದಲ್ಲಿ ಕೆರೆಗಳಲ್ಲಿ ಗಾಳ ಹಾಕುವ ಅಭ್ಯಾಸ ಇಂದಿಗೂ ಗಟ್ಟಿಯಾಗಿರುವುದರಿಂದ ಕೋಲ್ಕತ್ತದ ಹಳೆಯ ಹಿತ್ತಾಳೆ ರೀಲುಗಳೂ ಮಾರಾಟಕ್ಕೆ ಬರುತ್ತವೆ. ಅದೊಂದು ಪ್ರತ್ಯೇಕ ಸಂಗ್ರಹವಾಗಬಲ್ಲದು.

ಅಮೆರಿಕ, ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಈ ಹವ್ಯಾಸ ಬಲು ಸುಲಭ. ಗರಾಜ್ ಸೇಲ್, ಕಾರ್ ಬೂಟ್ ಸೇಲ್‌ಗಳಲ್ಲಿ ತುಕ್ಕು ಹಿಡಿದ ಉಪಕರಣಗಳ ಪೆಟ್ಟಿಗೆಯ ತಳದಲ್ಲಿ ರೀಲು ಸಿಗುತ್ತದೆ. ಅಲ್ಲಿಂದ ಊರಿಗೆ ತರಿಸುವವರು ಕೊರಿಯರ್ ಖರ್ಚು, ಕಸ್ಟಮ್ಸ್ ಸುಂಕ ಎರಡನ್ನೂ ಸೇರಿಸಿಯೇ ಬೆಲೆ ಕಟ್ಟಬೇಕು. ಅಗ್ಗದ ಮಿಚೆಲ್‌ಗೆ ಸಾಗಣೆಯೇ ರೀಲಿನ ಬೆಲೆಯನ್ನು ಮೀರುತ್ತದೆ. ಬರುವ ನೆಂಟರ ಸೂಟ್‌ಕೇಸೇ ವಾಸಿ.

ಕೈಯಲ್ಲಿ ಹಿಡಿದು ನೋಡುವಾಗ

ಹತ್ತು ನಿಮಿಷ ಸಾಕು, ಆದರೆ ಒಂದು ಕ್ರಮದಲ್ಲಿ ನೋಡಿ.

1. ಪಾದ. ತುದಿಗಳಿಗೆ ಅರ ಹಾಕಿದ ಗುರುತಿದೆಯೇ? ತಮ್ಮ ಕೋಲಿಗೆ ಹೊಂದಲಿ ಎಂದು ಹಿಂದಿನವರು ಪಾದ ಸವೆಸುತ್ತಿದ್ದರು. ಬಳಸುವವರಿಗೆ ಅದರಿಂದ ತೊಂದರೆಯಿಲ್ಲ, ಸಂಗ್ರಹಕ್ಕೆ ಬೆಲೆ ಥಟ್ಟನೆ ಇಳಿಯುತ್ತದೆ. ಪಾದ ಸೊಟ್ಟಗಿದ್ದರೆ ನೇರ ಮಾಡಲು ಹೋಗಬೇಡಿ, ಎರಕದ ಅಲ್ಯುಮಿನಿಯಂ ಮುರಿಯುತ್ತದೆ.

2. ಸ್ಕ್ರೂ ತಲೆಗಳು. ಸೀಳು ಹರಿದು ಅಗಲವಾಗಿದ್ದರೆ ಯಾರೋ ಸರಿಯಿಲ್ಲದ ಸ್ಕ್ರೂಡ್ರೈವರಿನಿಂದ ಒಳಗೆ ಕೈ ಹಾಕಿದ್ದಾರೆ. ಒಳಗೆ ಒಂದು ಸ್ಪ್ರಿಂಗೋ ವಾಷರೋ ಇಲ್ಲದಿರುವ ಸಾಧ್ಯತೆ ಹೆಚ್ಚು.

3. ಹಿಡಿಯನ್ನು ಬಹಳ ನಿಧಾನವಾಗಿ ತಿರುಗಿಸಿ, ಕಿವಿ ಹತ್ತಿರ ಹಿಡಿಯಿರಿ. ಸುತ್ತಿನುದ್ದಕ್ಕೂ ಗರಗರ ಎಂದರೆ ಮರಳು ಅಥವಾ ಗಟ್ಟಿಯಾದ ಗ್ರೀಸು, ತೊಳೆದರೆ ಹೋಗುತ್ತದೆ. ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ ‘ಟಕ್’ ಎಂದರೆ ಗೇರಿನ ಹಲ್ಲು ಮುರಿದಿದೆ. ಅದಕ್ಕೆ ಬೇರೆ ಗೇರೇ ಬೇಕು. ಹಲ್ಲು ಮುರಿದ ರೀಲನ್ನು ಬಿಡಿಭಾಗದ ಬೆಲೆಗಷ್ಟೇ ಕೊಳ್ಳಿ.

4. ಸ್ಪೂಲನ್ನು ಪಕ್ಕಕ್ಕೆ, ಮೇಲೆ ಕೆಳಗೆ ಅಲುಗಿಸಿ. ಪಕ್ಕಕ್ಕೆ ಸ್ವಲ್ಪ ಸರಿಯುವುದು ಬಿಗಿ ಹೊಂದಿಸುವ ಪಕ್ಕದ ಟೋಪಿ ತಿರುಗಿಸಿದರೆ ಸರಿಹೋಗುತ್ತದೆ. ಮೇಲೆ ಕೆಳಗೆ ಆಡಿದರೆ ಬುಶ್ ಅಥವಾ ಅಚ್ಚು ಸವೆದಿದೆ.

5. ಸ್ಪೂಲನ್ನು ತಿರುಗಿಸುತ್ತ ಅಂಚಿಗೂ ಚೌಕಟ್ಟಿಗೂ ನಡುವಿನ ಸಂದು ನೋಡಿ. ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಹಿರಿದಾದರೆ ರೀಲು ಕಲ್ಲಿನ ಮೇಲೆ ಬಿದ್ದಿದೆ.

6. ಆಂಬಾಸಡರ್ ಬಗೆಯಲ್ಲಿ ದಾರವನ್ನು ಅತ್ತಿತ್ತ ಹಂಚುವ ಲೆವೆಲ್ ವಿಂಡ್ ಎರಡೂ ತುದಿ ಮುಟ್ಟಿ ತಾನಾಗಿ ಹಿಂದಿರುಗಬೇಕು. ತುದಿಯಲ್ಲಿ ನಿಂತುಬಿಟ್ಟರೆ ಅಡಿಯಲ್ಲಿ ಸುರುಳಿಯ ತೋಡಿನೊಳಗೆ ಓಡುವ ಪಾಲ್ ಎಂಬ ಪುಟ್ಟ ಹಲ್ಲು ಸವೆದಿದೆ. ಇದು ಅಗ್ಗದ ಭಾಗ, ಹೆದರಬೇಕಿಲ್ಲ. ಆದರೆ ಅದು ಓಡಾಡುವ ಸುರುಳಿ ಅಚ್ಚಿನ ತೋಡುಗಳು ಚೂಪಾಗಿ ಸವೆದಿದ್ದರೆ ಖರ್ಚು.

7. ಮೀನು ಎಳೆದಾಗ ದಾರವನ್ನು ಹದವಾಗಿ ಬಿಡುವ ಬ್ರೇಕಿಗೆ ಡ್ರ್ಯಾಗ್ ಎನ್ನುತ್ತಾರೆ. ಅದನ್ನು ಬಿಗಿ ಮಾಡಿ ದಾರ ಎಳೆಯಿರಿ. ಒಂದೇ ಹದದಲ್ಲಿ ಬಿಡಬೇಕು. ಹಿಡಿದು ಹಿಡಿದು ಬಿಟ್ಟರೆ ವಾಷರುಗಳು ಅಂಟಿಕೊಂಡಿವೆ.

8. ಮಿಚೆಲ್‌ನಂಥವುಗಳಲ್ಲಿ ದಾರವನ್ನು ಸ್ಪೂಲಿಗೆ ಸುತ್ತುವ ಬೇಲ್ ಎಂಬ ಬಾಗಿದ ತಂತಿಯನ್ನು ತೆರೆದು ಹಿಡಿ ತಿರುಗಿಸಿ. ಟಪ್ ಎಂದು ಮುಚ್ಚದಿದ್ದರೆ ಸ್ಪ್ರಿಂಗ್ ಮುರಿದಿದೆ. ಈ ರೀಲುಗಳ ಅತಿ ಸಾಮಾನ್ಯ ಕಾಯಿಲೆ ಇದೇ.

9. ಮೂಸಿ ನೋಡಿ. ನಗುವ ಮಾತಲ್ಲ. ಹಳೆಯ ಹಿಡಿಗಳು, ಕೆಲವು ಪಾರ್ಶ್ವತಟ್ಟೆಗಳು ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನವು. ಅದು ಕೊಳೆಯತೊಡಗಿದಾಗ ಕರ್ಪೂರದ ಅಥವಾ ಹುಳಿ ವಾಸನೆ ಬರುತ್ತದೆ, ಬಿರುಕು ಬಿಡುತ್ತದೆ, ಹೊರಬರುವ ಆಮ್ಲ ಪಕ್ಕದ ಲೋಹವನ್ನೂ ತಿನ್ನುತ್ತದೆ. ಅಂಥದ್ದನ್ನು ಉಳಿದವುಗಳ ಜೊತೆ ಇಡಬಾರದು.

ಕಡಲ ತೀರದಲ್ಲಿ ದುಡಿದ ರೀಲಾದರೆ ಪಾದದ ರಿವೆಟ್ಟುಗಳ ಸುತ್ತ ಬಿಳಿ ಪುಡಿ ಇದೆಯೇ ಎಂದೂ ನೋಡಿ. ಅಲ್ಯುಮಿನಿಯಂ ಒಳಗಿನಿಂದ ಕರಗುತ್ತಿರುವ ಗುರುತು ಅದು.

ಫೋಟೊ ನೋಡಿ ಕೊಳ್ಳುವುದಾದರೆ ಕನಿಷ್ಠ ಆರು ಚಿತ್ರ ಕೇಳಿ: ಎರಡು ಪಕ್ಕ, ಪಾದದ ಅಡಿ, ಸ್ಪೂಲು ತೆಗೆದ ಒಳಭಾಗ, ಹಿಡಿಯ ಹತ್ತಿರದ ನೋಟ, ಸ್ಕ್ರೂ ತಲೆಗಳು. ಜೊತೆಗೆ ಹಿಡಿ ತಿರುಗಿಸುವ ಸದ್ದಿರುವ ಹತ್ತು ಸೆಕೆಂಡಿನ ವೀಡಿಯೊ. ಪಾದದ ಅಡಿಯ ಚಿತ್ರ ಮಾತ್ರ ಕಳಿಸದೆ ಬೇರೆಲ್ಲ ಕಳಿಸುವವರ ಹತ್ತಿರ ಕೊಳ್ಳದಿರುವುದು ಒಳ್ಳೆಯದು. ಇನ್ನೊಂದು ಎಚ್ಚರ, ಎರಡು ರೀಲಿನ ಭಾಗ ಸೇರಿಸಿ ಒಂದು ಮಾಡಿದವು. ಚೌಕಟ್ಟಿನ ಬಣ್ಣ ಮಾಸಿದ್ದು, ಸ್ಪೂಲು ಮಾತ್ರ ಹೊಳೆಯುತ್ತಿದ್ದರೆ ಅದು ಬೇರೆ ಮನೆಯಿಂದ ಬಂದದ್ದೇ ಇರಬೇಕು.

ಬಿಚ್ಚುವುದು: ಆಂಬಾಸಡರ್ 6000 ಹಿಡಿದು

ಬೇಕಾದದ್ದು: ಸೀಳಿಗೆ ಪೂರ್ತಿ ಕೂರುವ, ತುದಿಯ ಎರಡು ಮೈ ಸಮಾನಾಂತರವಾಗಿರುವ ಸ್ಕ್ರೂಡ್ರೈವರುಗಳು, ರೀಲಿನ ಜೊತೆ ಬರುವ ಸ್ಪ್ಯಾನರ್ ಅಥವಾ ನಟ್ಟಿಗೆ ಹೊಂದುವ ರಿಂಗ್ ಸ್ಪ್ಯಾನರ್, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು, ಹಲ್ಲುಕಡ್ಡಿಗಳು, 100 ಮಿಲಿ ಸೀಮೆಎಣ್ಣೆ ಅಥವಾ ವೈಟ್ ಸ್ಪಿರಿಟ್, ಹೊಲಿಗೆ ಯಂತ್ರದ ಎಣ್ಣೆ, ಸ್ವಲ್ಪ ಗ್ರೀಸು, ಹಳೆಯ ಬನಿಯನ್ ಬಟ್ಟೆ, ಮೊಟ್ಟೆಯ ಟ್ರೇ. ಸಾಧಾರಣ ಸ್ಕ್ರೂಡ್ರೈವರಿನ ತುದಿ ಬೆಣೆಯಂತೆ ಇಳಿಜಾರಾಗಿರುವುದರಿಂದ ಒತ್ತಿ ತಿರುಗಿಸಿದೊಡನೆ ಸೀಳಿನಿಂದ ಮೇಲೆದ್ದು ಜಾರುತ್ತದೆ. ಪಕ್ಕದ ತಟ್ಟೆಯ ಮೇಲೆ ಬೀಳುವ ಗೀರು ಮತ್ತೆ ಹೋಗುವುದಿಲ್ಲ.

ಮೊದಲು ಹಳೆಯ ದಾರವನ್ನು ಪೂರ್ತಿ ತೆಗೆಯಿರಿ. ತೇವ ಹಿಡಿದಿಟ್ಟು ಸ್ಪೂಲನ್ನು ಒಳಗಿನಿಂದ ತಿನ್ನುವುದು ಅದೇ. ನೈಲಾನ್ ಆದರೆ ತುಂಡು ತುಂಡಾಗಿ ಕತ್ತರಿಸಿ ಕಸಕ್ಕೆ ಹಾಕಿ, ಇಡಿಯಾಗಿ ಎಸೆದರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ರೇಷ್ಮೆ ದಾರವಾದರೆ ಬೇರೆ ರಟ್ಟಿಗೆ ಸುತ್ತಿ ಜೋಪಾನವಾಗಿಡಿ, ಅದೂ ಸಂಗ್ರಹವೇ.

ಹಿಡಿಯಿರುವ ಪಕ್ಕದ ತಟ್ಟೆಯ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕೂತುಬಿಟ್ಟಿದ್ದರೆ ಒಂದು ತೊಟ್ಟು ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ದಿನ ಸುಮ್ಮನಿರಿ. ಉಕ್ಕಿನ ಸ್ಕ್ರೂ ಅಲ್ಯುಮಿನಿಯಮ್ಮಿನಲ್ಲಿ ಕೂತಿದ್ದು ತೇವ ಸೇರಿದರೆ ಎರಡೂ ಲೋಹ ಕಚ್ಚಿಕೊಳ್ಳುತ್ತವೆ. ಆಗ ಬಲ ಹಾಕಿದರೆ ತಲೆ ಮುರಿದು ಕೈಗೆ ಬರುತ್ತದೆ. ಮರುದಿನವೂ ಬಿಡದಿದ್ದರೆ ಹೇರ್ ಡ್ರೈಯರಿನಿಂದ ಎರಡು ಮೂರು ನಿಮಿಷ ಬಿಸಿ ಮಾಡಿ ಪ್ರಯತ್ನಿಸಿ. ಬೇಕಲೈಟ್ ತಟ್ಟೆಯ ಪೆನ್ ರೀಲಿಗೂ ಸೆಲ್ಯುಲಾಯ್ಡ್ ಹಿಡಿಗೂ ಬಿಸಿ ತೋರಿಸಬಾರದು.

ತಟ್ಟೆ ಬಿಟ್ಟುಕೊಂಡ ಮೇಲೆ ಸ್ಪೂಲು ಹೊರಗೆ ಜಾರುತ್ತದೆ. ಸ್ಪೂಲಿನ ಒಂದು ಪಕ್ಕದ ಕಡ್ಡಿಗಳ ಮೇಲೆ ಎರಡು ಪುಟ್ಟ ಬ್ರೇಕ್ ಗುಂಡಿಗಳಿರುತ್ತವೆ. ವೇಗ ಹೆಚ್ಚಿದಾಗ ಅವು ಹೊರಗೆ ತಳ್ಳಲ್ಪಟ್ಟು ಉಂಗುರಕ್ಕೆ ಉಜ್ಜಿ ಸ್ಪೂಲನ್ನು ಹದದಲ್ಲಿಡುತ್ತವೆ. ಅವುಗಳನ್ನು ಒಣ ಬಟ್ಟೆಯಲ್ಲೇ ಒರೆಸಿ. ಎಣ್ಣೆ ತಾಗಿದರೆ ಉಜ್ಜುವುದು ಬಿಟ್ಟು ಜಾರತೊಡಗುತ್ತವೆ, ದಾರ ಬೀಸಿದ ಕೂಡಲೇ ಗೋಜಲಾಗುತ್ತದೆ.

ಇನ್ನು ಬಿಗಿ ಹೊಂದಿಸುವ ಪಕ್ಕದ ಟೋಪಿ. ಇದನ್ನು ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿ, ಒಳಗೆ ತೆಳುವಾದ ಲೋಹದ ಬಿಲ್ಲೆ ಇರುತ್ತದೆ. ಗ್ರೀಸಿನಲ್ಲಿ ಅಂಟಿಕೊಂಡಿರುವುದರಿಂದ ಕಾಣುವುದಿಲ್ಲ, ಒರೆಸಿದಾಗ ಬಟ್ಟೆಯ ಜೊತೆ ಕಸದ ಬುಟ್ಟಿ ಸೇರುತ್ತದೆ. ಬಿಲ್ಲೆಯಿಲ್ಲದ ಟೋಪಿ ಎಷ್ಟು ಬಿಗಿದರೂ ಸ್ಪೂಲು ಹದಕ್ಕೆ ಬರುವುದಿಲ್ಲ.

ಗೇರು ತೊಳೆಯಬೇಕಾದರೆ ಹಿಡಿಯ ನಟ್ಟಿನ ಮೇಲಿನ ಪುಟ್ಟ ಮುಚ್ಚಳ ತೆಗೆದು, ನಟ್ಟು, ಹಿಡಿ, ಡ್ರ್ಯಾಗ್ ಬಿಗಿ ಮಾಡುವ ನಕ್ಷತ್ರ ಚಕ್ರ, ಅದರ ಹಿಂದಿನ ಬಾಗಿದ ವಾಷರುಗಳು, ಈ ಕ್ರಮದಲ್ಲಿ ಬಿಚ್ಚಿ. ಬಾಗಿದ ವಾಷರುಗಳು ಯಾವ ಮುಖ ಮಾಡಿದ್ದವು ಎಂದು ಫೋಟೊ ತೆಗೆಯಿರಿ. ಪ್ರತಿ ಭಾಗವೂ ಟ್ರೇಯ ಒಂದೊಂದು ಗುಳಿಗೆ, ಎಡದಿಂದ ಬಲಕ್ಕೆ, ಬಿಚ್ಚಿದ ಸಾಲಿನಲ್ಲೇ. ಪಿನಿಯನ್ ಎಂಬ ಪುಟ್ಟ ಗೇರನ್ನು ಹಿಡಿದಿರುವ ಯೋಕ್ ಎಂಬ ತಟ್ಟೆಯ ಕೆಳಗೆ ಎರಡು ಸಣ್ಣ ಸ್ಪ್ರಿಂಗುಗಳಿವೆ. ಎತ್ತಿದೊಡನೆ ಹಾರುತ್ತವೆ. ಕೈಗಳನ್ನೂ ರೀಲನ್ನೂ ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟು ಈ ಒಂದು ಹೆಜ್ಜೆ ಮಾಡಿದರೆ ಸೋಫಾದ ಕೆಳಗೆ ತೆವಳುವುದು ತಪ್ಪುತ್ತದೆ.

ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ಅರ್ಧ ಗಂಟೆ ನೆನೆಸಿ, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಹಳೆಯ ಗ್ರೀಸು ಕಂದು ಮೇಣವಾಗಿರುತ್ತದೆ. ಗೇರಿನ ಹಲ್ಲುಗಳ ನಡುವಿನದನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ, ಸೂಜಿ ಬೇಡ. ಚರ್ಮದ ಡ್ರ್ಯಾಗ್ ವಾಷರುಗಳನ್ನು ಸೀಮೆಎಣ್ಣೆಗೆ ಹಾಕಲೇಬಾರದು. ಒಣ ಬಟ್ಟೆಯಲ್ಲಿ ಒರೆಸಿ, ಚರ್ಮಕ್ಕೆ ಹಾಕುವ ಎಣ್ಣೆಯನ್ನು ಬೆರಳ ತುದಿಯಷ್ಟು ಸವರಿದರೆ ಸಾಕು. ವಾಷರುಗಳ ಮೂಲ ಕ್ರಮ ತಪ್ಪಿದರೆ ಡ್ರ್ಯಾಗ್ ಹಿಡಿಯುವುದೇ ಇಲ್ಲ.

ಜೋಡಿಸುವಾಗ ಎಣ್ಣೆ ಸ್ಪೂಲಿನ ಅಚ್ಚಿನ ಎರಡು ತುದಿಗೆ ಒಂದೊಂದು ತೊಟ್ಟು, ಲೆವೆಲ್ ವಿಂಡ್ ಸುರುಳಿಗೆ ಒಂದು, ಹಿಡಿಯ ಗುಂಡಿಗಳಿಗೆ ಒಂದೊಂದು. ಗ್ರೀಸು ಗೇರಿನ ಹಲ್ಲುಗಳಿಗೆ ಮಾತ್ರ, ತೆಳ್ಳಗೆ. ಗ್ರೀಸು ತುಂಬಿಸಿದರೆ ಸ್ಪೂಲು ಜಡವಾಗುತ್ತದೆ, ಧೂಳು ಹಿಡಿಯುತ್ತದೆ. ತೆಂಗಿನೆಣ್ಣೆ, ಅಡುಗೆ ಎಣ್ಣೆ ಖಂಡಿತ ಬೇಡ. ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಅಡುಗೆ ಎಣ್ಣೆ ಕೆಲವು ತಿಂಗಳಲ್ಲಿ ಅಂಟಾಗುತ್ತದೆ. ಕೊನೆಗೆ ಸ್ಕ್ರೂಗಳನ್ನು ಕೈಬೆರಳಿನಿಂದಲೇ ಮೊದಲ ಎರಡು ಮೂರು ಸುತ್ತು ತಿರುಗಿಸಿ, ಸಲೀಸಾಗಿ ಹೋಗದಿದ್ದರೆ ಎಳೆ ತಪ್ಪಿದೆ ಎಂದರ್ಥ.

ಹುಣಸೆಹಣ್ಣು, ಪೀತಾಂಬರಿ ದೂರವಿಡಿ

ನಮ್ಮ ಕಡೆ ಹಿತ್ತಾಳೆ ಕಂಡರೆ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ದೇವರ ದೀಪಕ್ಕೆ ಅದು ಸರಿ, ರೀಲಿಗಲ್ಲ. ಹುಳಿ ಹಿತ್ತಾಳೆಯ ಮೇಲ್ಮೈಯಿಂದ ಸತುವನ್ನು ಎಳೆದು ತಾಮ್ರದ ನಸುಗೆಂಪು ಕಲೆ ಬಿಡುತ್ತದೆ. ಪೀತಾಂಬರಿಯಂಥ ಪುಡಿಗಳು ಅಕ್ಷರಗಳ ಅಂಚನ್ನು ಸವೆಸುತ್ತವೆ. ಹಾರ್ಡಿ ರೀಲುಗಳಿಗೆ ಕಾರ್ಖಾನೆಯಲ್ಲೇ ಕಂಚಿನ ಅಥವಾ ಸೀಸದ ಬಣ್ಣದ ಮಬ್ಬು ಲೇಪ ಕೊಡುತ್ತಿದ್ದರು, ಬಿಸಿಲಿಗೆ ಹೊಳೆದು ಮೀನು ಬೆದರದಿರಲಿ ಎಂದು. ಆ ಲೇಪ ಎಷ್ಟು ಉಳಿದಿದೆ ಎಂಬುದರ ಮೇಲೇ ಬೆಲೆ ನಿಂತಿದೆ. ಅದನ್ನು ಉಜ್ಜಿ ಬಂಗಾರದಂತೆ ಮಾಡಿದವರು ಅದರ ಬೆಲೆಯನ್ನೂ ಉಜ್ಜಿ ತೆಗೆದಂತೆ. ಹಸಿರು ಕಿಲುಬು ಇದ್ದರೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಬಿದಿರ ಕಡ್ಡಿಯಿಂದ ಕೆರೆಯಿರಿ. ಅಷ್ಟಕ್ಕೇ ನಿಲ್ಲಿಸಿ.

ಆಂಬಾಸಡರಿನ ಕೆಂಪು ಬಳಿದ ಬಣ್ಣವಲ್ಲ, ಅಲ್ಯುಮಿನಿಯಮ್ಮಿನ ಮೇಲೆ ವಿದ್ಯುತ್ತಿನಿಂದ ಬೆಳೆಸಿ ಬಣ್ಣ ಹೀರಿಸಿದ ಪದರ. ವಾಷಿಂಗ್ ಸೋಡಾ, ಒಲೆ ತೊಳೆಯುವ ಕ್ಷಾರದ ದ್ರಾವಣಗಳು ಅದನ್ನು ಕರಗಿಸುತ್ತವೆ. ಉಗುರುಬೆಚ್ಚಗಿನ ನೀರಿಗೆ ಎರಡು ತೊಟ್ಟು ಶಾಂಪೂ ಸಾಕು. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ತಟ್ಟೆಗಳಿರುವ ಹಳೆಯ ಅಮೆರಿಕನ್ ರೀಲುಗಳಿಗೆ ಬಿಸಿನೀರು ಬೇಡವೇ ಬೇಡ. ಕಪ್ಪು ಮೈ ಹಸಿರುಗಂದಾಗಿ ತಿರುಗುತ್ತದೆ, ಬಿಸಿಲೂ ಅದೇ ಕೆಲಸ ಮಾಡುತ್ತದೆ.

ಮಳೆಗಾಲ ದಾಟಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ರೀಲುಗಳ ನಿಜವಾದ ಶತ್ರು ತೇವ. ರೀಲನ್ನು ಅದರ ಚರ್ಮದ ಪೆಟ್ಟಿಗೆಯಲ್ಲಿಟ್ಟರೆ ಚೆಂದ ಎನಿಸುತ್ತದೆ, ಆದರೆ ಹದ ಮಾಡಿದ ಚರ್ಮದ ಆಮ್ಲ ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ, ಬೂಷ್ಟೂ ಬೆಳೆಯುತ್ತದೆ. ಪೆಟ್ಟಿಗೆ ಬೇರೆ, ರೀಲು ಬೇರೆ ಇಡಿ. ರೀಲನ್ನು ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಡಿ. ಡಬ್ಬಿಯೊಳಗೆ ಒಂದು ಅಗ್ಗದ ತೇವಮಾಪಕ ಇಟ್ಟು ಶೇಕಡ 45ರಿಂದ 50ರ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳಿ. ಜೆಲ್ ಬಣ್ಣ ಬದಲಾದಾಗ ಓವನ್ನಿನಲ್ಲಿ ಸುಮಾರು 110 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ಸ್ಪಂಜು ಹಾಸಿದ ಪೆಟ್ಟಿಗೆ ಬೇಡ, ಕೆಲವು ವರ್ಷಗಳಲ್ಲಿ ಸ್ಪಂಜು ಅಂಟಾಗಿ ಲೋಹಕ್ಕೆ ಹಿಡಿಯುತ್ತದೆ. ಸೆಲ್ಯುಲಾಯ್ಡ್ ಹಿಡಿಯ ರೀಲುಗಳನ್ನು ಮಾತ್ರ ಮುಚ್ಚಿದ ಡಬ್ಬಿಯಲ್ಲಿಡದೆ ಗಾಳಿಯಾಡುವ ಕಡೆ ಪ್ರತ್ಯೇಕವಾಗಿಡಿ. ಡ್ರ್ಯಾಗ್ ಯಾವಾಗಲೂ ಸಡಿಲ ಬಿಟ್ಟೇ ಇಡಬೇಕು, ಬಿಗಿಯಾಗಿಟ್ಟರೆ ವಾಷರುಗಳು ಒತ್ತಿ ಚಪ್ಪಟೆಯಾಗುತ್ತವೆ. ಮರದ ನಾಟಿಂಗ್‌ಹ್ಯಾಮ್ ರೀಲು ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಂಡರೆ ಉಪ್ಪುಕಾಗದ ಹಿಡಿಯಬೇಡಿ. ನವೆಂಬರ್‌ವರೆಗೆ ಕಾಯಿರಿ, ತಾನಾಗಿ ಸಡಿಲವಾಗುತ್ತದೆ.

ಪ್ರತಿ ರೀಲಿಗೂ ಒಂದು ಚೀಟಿ ಬರೆದಿಡಿ: ತಯಾರಕ, ಮಾದರಿ, ಅಡ್ಡಳತೆ, ಪಾದದ ಸಂಖ್ಯೆ, ಗ್ರಾಮಿನಲ್ಲಿ ತೂಕ, ಎಲ್ಲಿಂದ ಬಂತು, ಎಷ್ಟು ಕೊಟ್ಟಿರಿ, ಯಾವ ಭಾಗ ಬದಲಾಯಿಸಿದಿರಿ. ತೆಗೆದುಹಾಕಿದ ಸವೆದ ಭಾಗವನ್ನೂ ಪುಟ್ಟ ಚೀಲದಲ್ಲಿ ಹಾಕಿ ಜೊತೆಗಿಡಿ. ಮುಂದೆ ಕೊಳ್ಳುವವರು ಅದನ್ನು ಕೇಳುತ್ತಾರೆ.

ಬಳಸುವುದಾದರೆ, ಮಾರುವುದಾದರೆ

ಹಳೆಯ ರೀಲಿಗೆ ಹೊಸ ನೈಲಾನ್ ದಾರವನ್ನು ಎಳೆದೆಳೆದು ಬಿಗಿಯಾಗಿ ಸುತ್ತಬಾರದು. ನೈಲಾನ್ ಹಿಗ್ಗಿದ್ದು ಕುಗ್ಗುವಾಗ ಒಳಗಿನಿಂದ ಒತ್ತಿ ಸ್ಪೂಲಿನ ಅಂಚನ್ನೇ ಸಿಡಿಸುತ್ತದೆ. ಬೇಕಲೈಟ್, ಪ್ಲಾಸ್ಟಿಕ್ ಸ್ಪೂಲುಗಳು ಒಡೆದಿರುವುದು ಬಹುತೇಕ ಹೀಗೆ. ಕೆಳಗೆ ನಾಲ್ಕೈದು ಪದರ ಹತ್ತಿ ಅಥವಾ ಡೇಕ್ರಾನ್ ದಾರ ಸುತ್ತಿ, ಅದರ ಮೇಲೆ ನೈಲಾನನ್ನು ಹಗುರವಾಗಿ ಸುತ್ತಿ. ಬಳಸುವ ಜಾಗ ಅನುಮತಿಯಿರುವ ಕೆರೆಯೋ ಖಾಸಗಿ ಹೊಂಡವೋ ಆಗಿರಲಿ. ಕಾವೇರಿಯ ವನ್ಯಜೀವಿ ಧಾಮದೊಳಗೆ ಗಾಳ ಹಾಕುವಂತಿಲ್ಲ. ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಸೀರ್ 2018ರಿಂದ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಕಾನೂನಿನ ಇನ್ನೆರಡು ಗಂಟುಗಳಿವೆ. ತೀರಾ ಹಳೆಯ ಕೆಲವು ರೀಲುಗಳ ಹಿಡಿ ಆನೆದಂತದ್ದು. ಭಾರತದಲ್ಲಿ ದಂತವನ್ನು ಕೊಳ್ಳುವುದೂ ಮಾರುವುದೂ ಅಪರಾಧ, ರೀಲಿಗೆ ಅಂಟಿಕೊಂಡಿದೆ ಎಂಬ ವಿನಾಯಿತಿ ಇಲ್ಲ. ಭೂತಗನ್ನಡಿಯಲ್ಲಿ ನೋಡಿ. ದಂತವನ್ನು ಅಡ್ಡ ಕೊಯ್ದ ಮೈಯಲ್ಲಿ ಒಂದನ್ನೊಂದು ದಾಟುವ ನವಿರಾದ ಗೆರೆಗಳ ಜಾಲ ಕಾಣುತ್ತದೆ, ದಂತದಂತೆ ಮಾಡಿದ ಸೆಲ್ಯುಲಾಯ್ಡ್‌ನಲ್ಲಿ ಅದು ಇರುವುದಿಲ್ಲ. ಕಾದ ಸೂಜಿ ಚುಚ್ಚಿ ನೋಡುವ ಹಳೆಯ ಉಪಾಯ ಮಾತ್ರ ಬೇಡ, ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ. ಎರಡನೆಯದು, 100 ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರಬಹುದು. ಎಸ್ಟೇಟಿನಲ್ಲಿ ಸಿಕ್ಕ 1910ರ ಹಾರ್ಡಿಯನ್ನು ಲಂಡನ್ನಿನ ಹರಾಜಿಗೆ ಕಳಿಸುವ ಯೋಚನೆಯಿದ್ದರೆ ಪೊಟ್ಟಣ ಕಟ್ಟುವ ಮೊದಲು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಒಳಗೆ ತರಿಸುವುದಕ್ಕೆ ಸುಂಕ ಕಟ್ಟಿದರೆ ಮುಗಿಯಿತು, ಹೊರಗೆ ಕಳಿಸುವುದು ಅಷ್ಟು ಸಲೀಸಲ್ಲ.